ಮಿದುಳಿನ ತರಂಗಗಳ ಪರೀಕ್ಷೆ: ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು

ಸಣ್ಣ ಉದ್ದಿಮೆಗಳಲ್ಲಿ ವ್ಯವಹಾರಜ್ಞಾನದ ಬಹುಭಾಗ ಹಿರಿಯ ಮಾಲೀಕರ ನೆನಪಿನಲ್ಲಿಯೇ ಅಡಗಿರುತ್ತದೆ. ಯಾವ ಗಿರಾಕಿಗೆ ಎಷ್ಟು ಉದರಿ ಕೊಡಬಹುದೆಂಬುದು ಯಾವ ಖಾತೆ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಈ ನೆನಪೇ ಕುಂದತೊಡಗಿದರೆ ಆಗುವ ಹಾನಿ ಅಢಾವೆ ಪತ್ರಿಕೆಯಲ್ಲಿ ಬಹುಕಾಲ ಗೋಚರಿಸದು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ 60 ವರ್ಷ ಮತ್ತು ಮೇಲ್ಪಟ್ಟ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆ. ಇದನ್ನು ಆರಂಭದಲ್ಲಿಯೇ ಪತ್ತೆಹಚ್ಚಲು ಇ.ಇ.ಜಿ. ಮತ್ತು ಯಂತ್ರ ಕಲಿಕೆಯನ್ನು ಜೊತೆಗೂಡಿಸುವ ಸಂಶೋಧನೆ ಹಲವೆಡೆ ನಡೆದಿದೆ.

ಮಾನವನ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್ (1924). ನೆತ್ತಿಯ ಮೇಲೆ ಇರಿಸಿದ ವಿದ್ಯುದ್ವಾರಗಳು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗದ ಮಾನದಲ್ಲಿ ಅಳೆಯುವ ಈ ಸಂಕೇತಗಳನ್ನು ಗ್ರಹಿಸುತ್ತವೆ. ಕಣ್ಣು ಮುಚ್ಚಿ ವಿಶ್ರಮಿಸುವ ಆರೋಗ್ಯವಂತ ವಯಸ್ಕರಲ್ಲಿ ಸೆಕೆಂಡಿಗೆ 8ರಿಂದ 13 ಆವರ್ತಗಳ ಆಲ್ಫಾ ತರಂಗ ಪ್ರಧಾನವಾಗಿರುತ್ತದೆ. ಅಲ್ಝೈಮರ್ ಕಾಯಿಲೆಯಲ್ಲಿ ಇದು ಕ್ಷೀಣಿಸಿ, ನಿಧಾನಗತಿಯ ಥೀಟಾ ಹಾಗೂ ಡೆಲ್ಟಾ ತರಂಗಗಳು ಹೆಚ್ಚುತ್ತವೆ. ಆರಂಭದ ಹಂತದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿರಬಹುದು. ಆದುದರಿಂದ ರೋಗಿಗಳ ಮತ್ತು ಆರೋಗ್ಯವಂತರ ದಾಖಲೆಗಳನ್ನು ಗಣಕಯಂತ್ರಕ್ಕೆ ಒದಗಿಸಿ, ಅವುಗಳ ಭೇದವನ್ನು ಅದೇ ಗುರುತಿಸುವಂತೆ ಕಲಿಸಲಾಗುತ್ತದೆ. ಇ.ಇ.ಜಿ.ಗೆ ಎಂ.ಆರ್.ಐ.ಗಿಂತ ಕಡಿಮೆ ವೆಚ್ಚ ತಗಲುತ್ತದೆ. ಸೂಜಿಯ ಅಗತ್ಯವೂ ಇಲ್ಲ.

ಆದರೆ ಇಂತಹ ಪರೀಕ್ಷೆಗಳ ನಿಖರತೆಯ ಅಂಕಿಗಳನ್ನು ಪರಿಶೋಧಿಸದೆ ಒಪ್ಪಲಾಗದು. ಒಬ್ಬನೇ ವ್ಯಕ್ತಿಯ ದಾಖಲೆಯ ತುಂಡುಗಳನ್ನು ಕಲಿಕೆಗೂ ಪರೀಕ್ಷೆಗೂ ಬಳಸಿದರೆ ಯಂತ್ರವು ರೋಗದ ಬದಲು ಆ ವ್ಯಕ್ತಿಯನ್ನೇ ಗುರುತಿಸಿರುವ ಸಂಭವವಿದೆ. ಇದು ಲೆಕ್ಕ ಬರೆದವನೇ ಲೆಕ್ಕ ಪರಿಶೋಧಿಸಿದಂತೆ.

ಇನ್ನೊಂದು ಸರಳ ಲೆಕ್ಕವನ್ನು ಗಮನಿಸೋಣ. 1,000 ಹಿರಿಯರಲ್ಲಿ 74 ಮಂದಿಗೆ ಕಾಯಿಲೆ ಇದೆಯೆಂದೂ, ಪರೀಕ್ಷೆಯು ರೋಗಿಗಳಲ್ಲಿಯೂ ಆರೋಗ್ಯವಂತರಲ್ಲಿಯೂ ಶೇ. 90ರಷ್ಟು ಸರಿಯೆಂದೂ ಭಾವಿಸೋಣ. ಆಗ 67 ರೋಗಿಗಳು ಪತ್ತೆಯಾಗುತ್ತಾರೆ; ಉಳಿದ 926 ಆರೋಗ್ಯವಂತರಲ್ಲಿಯೂ 93 ಮಂದಿಗೆ ಕಾಯಿಲೆಯಿದೆ ಎಂಬ ಫಲಿತಾಂಶ ಬರುತ್ತದೆ. ಅಂದರೆ ಅನುಮಾನಕ್ಕೆ ಒಳಗಾದ 160 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆರೋಗ್ಯವಂತರೇ. ಮಾಲೀಕರ ಬುದ್ಧಿ ಮಂಕಾಗಿದೆ ಎಂಬ ವದಂತಿಯೊಂದೇ ಪೇಟೆಯಲ್ಲಿ ಸಾಲದ ನಂಬಿಕೆಯನ್ನು ಕೆಡಿಸಬಲ್ಲದು ಎಂಬುದನ್ನು ಸದಸ್ಯ ಬಾಂಧವರಿಗೆ ಹೇಳಬೇಕಾಗಿಲ್ಲ. ಥೈರಾಯ್ಡ್ ದೋಷ, ವಿಟಮಿನ್ ಬಿ12 ಕೊರತೆ ಮತ್ತು ಖಿನ್ನತೆಯಿಂದಲೂ ಮರೆವು ಬರಬಹುದು, ಇವುಗಳಿಗೆ ಚಿಕಿತ್ಸೆಯುಂಟು. ಆದುದರಿಂದ ಅಂತಿಮ ನಿರ್ಣಯ ನರರೋಗ ತಜ್ಞರದ್ದಾಗಬೇಕು.

ಕಾನೂನಿನ ದೃಷ್ಟಿಯಿಂದ ಆರಂಭಿಕ ಪತ್ತೆಗೆ ವಿಶೇಷ ಮಹತ್ವವಿದೆ. 1872ರ ಭಾರತೀಯ ಕರಾರು ಅಧಿನಿಯಮದ 12ನೆಯ ಕಲಮಿನಂತೆ, ಕರಾರು ಮಾಡುವ ಸಮಯದಲ್ಲಿ ವ್ಯಕ್ತಿಯು ಅದನ್ನು ಅರ್ಥಮಾಡಿಕೊಂಡು, ತನ್ನ ಹಿತದ ಮೇಲೆ ಅದರ ಪರಿಣಾಮವೇನೆಂದು ವಿವೇಚಿಸಲು ಶಕ್ತನಾಗಿರಬೇಕು. ಇದನ್ನು ಇ.ಇ.ಜಿ. ನಕ್ಷೆಯೊಂದೇ ನಿರ್ಧರಿಸಲಾರದು. ಮಗನ ಹೆಸರಿಗೆ ಜಿ.ಪಿ.ಎ. ಮಾಡಿಕೊಟ್ಟರೆ ಸಾಕೆಂಬ ನಂಬಿಕೆ ಹಲವರಲ್ಲಿದೆ. ಆದರೆ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವರು ಅಸ್ವಸ್ಥಚಿತ್ತರಾದೊಡನೆ ಆ ಅಧಿಕಾರವೂ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಪಾಲುದಾರರೊಬ್ಬರು ಅಸ್ವಸ್ಥಚಿತ್ತರಾದರೆ, 1932ರ ಪಾಲುದಾರಿಕೆ ಅಧಿನಿಯಮದ 44ನೆಯ ಕಲಮಿನನ್ವಯ ದಾವೆ ಹೂಡಿದಾಗ ನ್ಯಾಯಾಲಯವು ಸಂಸ್ಥೆಯನ್ನು ವಿಸರ್ಜಿಸಬಹುದು.

ಆದಕಾರಣ ಮರೆವಿನ ಲಕ್ಷಣ ಕಾಣುವವರೆಗೆ ಕಾಯದೆ, ಬ್ಯಾಂಕ್ ಖಾತೆಗಳಿಗೆ ಎರಡನೆಯ ಸಹಿದಾರರನ್ನು ನೇಮಿಸುವುದು, ಪಾಲುದಾರಿಕೆ ಪತ್ರದಲ್ಲಿ ಅಸಾಮರ್ಥ್ಯದ ಕಲಮು ಸೇರಿಸುವುದು, ಮರಣಶಾಸನ ಬರೆಸುವುದು ಮತ್ತು ಉದರಿಯ ವಿವರಗಳನ್ನು ಲಿಖಿತವಾಗಿರಿಸುವುದು ಶ್ರೇಯಸ್ಕರ. ಪರೀಕ್ಷೆಯ ತಂತ್ರಜ್ಞಾನ ಪರಿಪಕ್ವವಾಗಲು ಸಮಯ ಬೇಕು. ಈ ನಾಲ್ಕು ಕಾರ್ಯಗಳಿಗಾದರೋ ಈ ಆರ್ಥಿಕ ವರ್ಷವೇ ಸಾಕು.