ಸಂರಕ್ಷಣಾ ನಕ್ಷೆಯ ತರಬೇತಿ ಮತ್ತು ಭಾಗಶಃ ವಿದ್ಯಾರ್ಥಿವೇತನ: ಅರ್ಜಿಯ ಭಾಷೆಯನ್ನು ಕುರಿತು

ಒಂದು ಕಾಡಿನ ಗಡಿ ಎಲ್ಲಿ ಮುಗಿಯುತ್ತದೆ, ಆನೆಗಳು ಯಾವ ದಾರಿಯಲ್ಲಿ ಹಾಯುತ್ತವೆ, ರಸ್ತೆ ಎಲ್ಲಿ ಬರಬೇಕು, ಯಾವ ಹಾಡಿ ತೆರವಾಗಬೇಕು ಎಂಬ ತೀರ್ಮಾನಗಳು ಇಂದು ನೆಲದ ಮೇಲೆ ಜಾರಿಯಾಗುವ ಮುನ್ನವೇ ನಕ್ಷೆಯ ಮೇಲೆ ನಡೆದುಹೋಗಿರುತ್ತವೆ. ನಕ್ಷೆ ಬಿಡಿಸಬಲ್ಲವರು ಈ ತೀರ್ಮಾನಗಳಲ್ಲಿ ಪಾಲು ಪಡೆಯುತ್ತಾರೆ. ಬಿಡಿಸಲಾರದವರು ತಮ್ಮ ನೆಲದ ಬಗೆಗೆ ಬೇರೆಯವರು ಬಿಡಿಸಿದ್ದನ್ನು ಒಪ್ಪಬೇಕು ಇಲ್ಲವೆ ವಿರೋಧಿಸಬೇಕು. ಆದ್ದರಿಂದ ಸಂರಕ್ಷಣಾ ನಕ್ಷೆಯ ತಂತ್ರಜ್ಞಾನದಲ್ಲಿ ತರಬೇತಿ ಯಾರಿಗೆ ದೊರೆಯುತ್ತದೆ ಎಂಬುದು ಕೇವಲ ಉದ್ಯೋಗದ ಪ್ರಶ್ನೆಯಾಗಿ ಉಳಿದಿಲ್ಲ. ಈ ತರಬೇತಿಯ ಹೆಬ್ಬಾಗಿಲಿನಲ್ಲಿ ನಿಂತಿರುವುದು ವಿದ್ಯಾರ್ಥಿವೇತನದ ಅರ್ಜಿ. ಅದರಲ್ಲಿಯೂ ಪೂರ್ಣ ವೆಚ್ಚವನ್ನು ಭರಿಸದೆ ಒಂದು ಪಾಲನ್ನು ಮಾತ್ರ ನೀಡುವ ಭಾಗಶಃ ವೇತನಗಳೇ ಹೆಚ್ಚು. ಇಂಥ ಅರ್ಜಿ ಏನನ್ನು ಕೇಳುತ್ತದೆ, ಕನ್ನಡದ ಅಭ್ಯರ್ಥಿಗೆ ಅದು ಯಾಕೆ ತೊಡಕಾಗುತ್ತದೆ ಎಂಬುದು ಪ್ರಸ್ತುತ ಲೇಖನದ ವಿಚಾರ. ತೊಡಕು ಯಂತ್ರದಲ್ಲಿಲ್ಲ, ಇಂಗ್ಲಿಷಿನಲ್ಲಿಯೂ ಪೂರ್ತಿಯಾಗಿ ಇಲ್ಲ. ಅರ್ಜಿ ಎಂಬ ಬರವಣಿಗೆಯ ಪ್ರಕಾರವನ್ನು ನಾವು ಗ್ರಹಿಸಿರುವ ಬಗೆಯಲ್ಲಿ ಅದರ ಬೇರು ಇದೆ.

ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಜಿ.ಐ.ಎಸ್. ಎಂದು ಕರೆಯುವ ತಂತ್ರಜ್ಞಾನದ ತಿರುಳು ಸರಳವಾದುದು. ಒಂದೇ ನೆಲಕ್ಕೆ ಸಂಬಂಧಿಸಿದ ಬೇರೆ ಬೇರೆ ಮಾಹಿತಿಗಳನ್ನು, ಅಂದರೆ ಎತ್ತರ, ಮಳೆ, ಮರಗಳ ಬಗೆ, ಹಳ್ಳ, ರಸ್ತೆ, ಊರು ಇವನ್ನು, ಪದರ ಪದರವಾಗಿ ಒಂದರ ಮೇಲೊಂದು ಇರಿಸಿ ಅವುಗಳ ನಡುವಣ ಸಂಬಂಧವನ್ನು ಓದುವುದು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಹರಡಿದ ಬಗೆಯನ್ನು ಕುರಿತ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ೧೯೯೭ರಲ್ಲಿ ಅಳೆದಿದ್ದ ತಾಣಗಳನ್ನೇ ೨೦೦೮ರಲ್ಲಿ ಮತ್ತೆ ಅಳೆದು ಹೋಲಿಸಲಾಯಿತು. ಹನ್ನೊಂದು ವರ್ಷಗಳಲ್ಲಿ ಈ ಪರದೇಶಿ ಪೊದೆ ಎಷ್ಟು ದಟ್ಟವಾಯಿತು, ಎಲ್ಲೆಲ್ಲಿ ಹೊಸದಾಗಿ ನುಗ್ಗಿತು ಎಂಬುದು ನಕ್ಷೆಯಲ್ಲಿ ಕಣ್ಣಿಗೆ ಕಂಡಿತು. ತರಗೆಲೆಗೆ ಹಾಕುವ ಬೆಂಕಿಯನ್ನು ನಿಲ್ಲಿಸಿದ್ದರಿಂದ ಕಾಡು ಕೆಟ್ಟಿತೆಂದು ಸೋಲಿಗರ ಹಿರಿಯರು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಆ ಮಾತು ಪೂರ್ತಿ ನಿಜವೇ ಎಂಬ ಚರ್ಚೆ ಬೇರೆ; ಆದರೆ ಅದನ್ನು ಚರ್ಚೆಗೆ ಅರ್ಹವಾದ ಮಾತನ್ನಾಗಿ ಮಾಡುವಲ್ಲಿ ಇಂಥ ಅಳತೆಗಳ ಪಾಲು ದೊಡ್ಡದು.

ತಂತ್ರಜ್ಞಾನ ಈಗ ದುಬಾರಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪ್ರಾಯೋಗಿಕ ಹಂತವನ್ನು ದಾಟಿ ನಿಯತ ಬಳಕೆಗೆಂದು ರೂಪಿಸಿದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-೧ಎ ಕಕ್ಷೆ ಸೇರಿದ್ದು ೧೯೮೮ರಲ್ಲಿ. ೨೦೦೦ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜಿ.ಪಿ.ಎಸ್. ಸಂಕೇತವನ್ನು ಉದ್ದೇಶಪೂರ್ವಕವಾಗಿಯೇ ಮಸುಕುಗೊಳಿಸುತ್ತಿದ್ದುದರಿಂದ ಸಾಮಾನ್ಯರ ಕೈಯ ಉಪಕರಣ ನೂರು ಮೀಟರಿನಷ್ಟು ತಪ್ಪು ತೋರಿಸುವ ಸಂಭವವಿತ್ತು. ೨೦೦೨ರಲ್ಲಿ ಆರಂಭವಾದ ಕ್ಯೂ.ಜಿ.ಐ.ಎಸ್. ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ೨೦೦೮ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಬೆಲೆಯಿಲ್ಲದೆ ಎಲ್ಲರಿಗೂ ತೆರೆದುಕೊಂಡವು. ಭಾರತ ಸರ್ಕಾರವೂ ೨೦೨೧ರ ಫೆಬ್ರುವರಿಯ ಮಾರ್ಗಸೂಚಿಗಳ ಮೂಲಕ ನಕ್ಷೆ ತಯಾರಿಸುವುದರ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಹೀಗೆ ಉಪಕರಣ, ಚಿತ್ರ, ತಂತ್ರಾಂಶ ಮೂರೂ ಕೈಗೆಟಕಿದ ಮೇಲೆ ಕೊರತೆಯಾಗಿ ಉಳಿದದ್ದು ಕಲಿಸುವವರ ಒಡನಾಟ, ಅದಕ್ಕೆ ಬೇಕಾದ ಬಿಡುವು.

ಈ ಒಡನಾಟವನ್ನು ಒದಗಿಸುವ ಸಂಸ್ಥೆಗಳಲ್ಲಿ ಹಳೆಯದು ನೆದರ್ಲೆಂಡ್ಸಿನ ಐ.ಟಿ.ಸಿ. ೧೯೫೦ರಲ್ಲಿ ಡೆಲ್ಫ್ಟ್ ನಗರದಲ್ಲಿ ಆರಂಭವಾಗಿ, ೧೯೭೧ರಲ್ಲಿ ಎನ್‌ಸ್ಕೆಡೆಗೆ ಸ್ಥಳಾಂತರಗೊಂಡು, ೨೦೧೦ರಲ್ಲಿ ಟ್ವೆಂಟೆ ವಿಶ್ವವಿದ್ಯಾಲಯದ ಭಾಗವಾಯಿತು. ಡೆಹರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ೧೯೬೬ರಲ್ಲಿ ಹುಟ್ಟಿದ್ದು ಡಚ್ಚರ ಸಹಕಾರದಿಂದಲೇ. ಅಮೆರಿಕದಲ್ಲಿ ಸೊಸೈಟಿ ಫಾರ್ ಕನ್ಸರ್ವೇಶನ್ ಜಿ.ಐ.ಎಸ್. ಎಂಬ ಸಂಘ ಹಲವು ವರ್ಷ ಬೇರೆ ಬೇರೆ ದೇಶಗಳ ಸಂರಕ್ಷಣಾ ಕಾರ್ಯಕರ್ತರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿ, ತರಬೇತಿ ನೀಡಿ, ತನ್ನ ಸಮ್ಮೇಳನದಲ್ಲಿ ಅವರಿಂದಲೇ ಪ್ರಬಂಧ ಮಂಡಿಸಿದೆ. ಈ ಸಂಘದ ಅರ್ಜಿ ವಿಶಿಷ್ಟವಾದುದು. ಅಂಕಪಟ್ಟಿಗಿಂತ ಮಿಗಿಲಾಗಿ ಅದು ಅಭ್ಯರ್ಥಿಯಿಂದ ಒಂದು ಕಥನವನ್ನು ಬಯಸುತ್ತದೆ: ನೀವು ಯಾವ ಸಂಸ್ಥೆಯಲ್ಲಿದ್ದೀರಿ, ಈ ಕೆಲಸಕ್ಕೆ ಹೇಗೆ ಬಂದಿರಿ, ನಿಮ್ಮ ಕೆಲಸದಲ್ಲಿ ಬೇರೆಲ್ಲಿಯೂ ಇಲ್ಲದ್ದು ಯಾವುದು, ಅತ್ಯಂತ ಕಠಿಣವಾದದ್ದು ಯಾವುದು.

ಕನ್ನಡದಲ್ಲಿ ಅರ್ಜಿಗೆ ದೀರ್ಘವಾದ ಪರಂಪರೆಯಿದೆ. ಅರಿಕೆ, ಬಿನ್ನಹ, ಮನವಿ ಎಂಬ ಮಾತುಗಳೇ ಅದರ ಸ್ವರೂಪವನ್ನು ತಿಳಿಸುತ್ತವೆ. ಬಿನ್ನಹ ಮಾಡುವವನು ಕೆಳಗೆ ನಿಂತು ಮೇಲಿನವರನ್ನು ಉದ್ದೇಶಿಸಿ ಮಾತನಾಡುತ್ತಾನೆ. ಅಲ್ಲಿ ಕೊಡುವವರ ದೊಡ್ಡತನವನ್ನೂ ಬೇಡುವವನ ಕೊರತೆಯನ್ನೂ ಹೇಳುವುದು ಪದ್ಧತಿ. ವಸಾಹತುಶಾಹಿ ಕಚೇರಿಗಳು ಇದಕ್ಕೆ ಹೊಸ ಅಚ್ಚು ಕೊಟ್ಟವು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರುವುದೇನೆಂದರೆ’ ಎಂದು ಆರಂಭವಾಗಿ ‘ತಮ್ಮ ವಿಧೇಯ’ ಎಂದು ಮುಗಿಯುವ ಆ ಅಚ್ಚನ್ನು ಇಂದಿಗೂ ಶಾಲೆಗಳಲ್ಲಿ ಕಲಿಸಲಾಗುತ್ತದೆ. ಬಡತನ, ತಂದೆಯ ವಾರ್ಷಿಕ ಆದಾಯ, ಜಾತಿಯ ಪ್ರಮಾಣಪತ್ರ, ಅಂಕ ಇವು ಅದರ ಪುರಾವೆಗಳು. ಸರ್ಕಾರಿ ವಿದ್ಯಾರ್ಥಿವೇತನಗಳಿಗೆ ಇದು ಸರಿಯೇ ಹೌದು. ಸಾಮಾಜಿಕ ನ್ಯಾಯದ ಹಂಚಿಕೆಗೆ ಇಂಥ ಪುರಾವೆಗಳು ಬೇಕೇ ಬೇಕು. ಆದರೆ ಭಾಗಶಃ ವೇತನದ ಅರ್ಜಿಯನ್ನು ಇದೇ ಅಚ್ಚಿನಲ್ಲಿ ಬರೆದರೆ ಅದು ಓದುವವರನ್ನು ತಲುಪುವುದಿಲ್ಲ. ಆಯ್ಕೆ ಸಮಿತಿ ಕೊರತೆಯ ವರದಿಗಿಂತ ಹೆಚ್ಚಾಗಿ ಕೆಲಸದ ವರದಿಯನ್ನು ಹುಡುಕುತ್ತಿರುತ್ತದೆ. ತಾನು ಮಾಡಿದ್ದನ್ನು ತಾನೇ ಹೇಳಿಕೊಳ್ಳುವುದು ನಮ್ಮಲ್ಲಿ ಅವಿನಯವೆನಿಸುತ್ತದೆ. ಹತ್ತು ವರ್ಷ ಕಾಡಿನಲ್ಲಿ ನಡೆದು ಪ್ರತಿ ಹಳ್ಳವನ್ನೂ ಬಲ್ಲ ಕ್ಷೇತ್ರ ಸಹಾಯಕನೊಬ್ಬ ‘ನನಗೆ ಇದರಲ್ಲಿ ಅಲ್ಪಸ್ವಲ್ಪ ತಿಳಿವಳಿಕೆ ಇದೆ’ ಎಂದು ಬರೆದು ಸುಮ್ಮನಾಗುತ್ತಾನೆ. ಅತ್ತ ನಗರದ ಪದವೀಧರನೊಬ್ಬ ಮೂರು ವಾರದ ಪ್ರವಾಸವನ್ನು ಮೂರು ಪುಟ ಬರೆಯಬಲ್ಲ. ಸಮಿತಿಯ ಮುಂದೆ ಇರುವುದು ಕಾಗದ ಮಾತ್ರ. ಅದು ಎರಡನೆಯವನನ್ನು ಆಯ್ದರೆ ತಪ್ಪು ಪೂರ್ತಿಯಾಗಿ ಅದರದೆನ್ನಲಾಗದು.

ಹಾಗಾದರೆ ಏನನ್ನು ಬರೆಯಬೇಕು? ಮತ್ತೆ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಬಹುದು. ೧೯೭೪ರಲ್ಲಿ ಆ ಪ್ರದೇಶ ವನ್ಯಧಾಮವೆಂದು ಘೋಷಿತವಾದ ಮೇಲೆ ಕಾಡಿನೊಳಗೆ ಚದುರಿದ್ದ ಸೋಲಿಗರನ್ನು ಒಂದೆಡೆ ನೆಲೆಗೊಳಿಸಲಾಯಿತು. ಅವರ ಬೇಸಾಯವೂ ಬೇಟೆಯೂ ನಿಂತವು. ಸರ್ಕಾರದ ನಕ್ಷೆಯಲ್ಲಿ ಆ ಕಾಡು ವಲಯಗಳಾಗಿ, ಗಸ್ತುಗಳಾಗಿ ವಿಂಗಡಣೆಯಾಗಿತ್ತು. ಸೋಲಿಗರ ನೆನಪಿನಲ್ಲಿ ಅದೇ ಕಾಡು ಕುಲಕುಲಗಳ ‘ಎಲ್ಲೆ’ಗಳಾಗಿ ಹಂಚಿಕೊಂಡಿತ್ತು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಈ ಎಲ್ಲೆಗಳೊಳಗಿನವು. ೨೦೦೦ದ ದಶಕದ ಕೊನೆಯ ಭಾಗದಲ್ಲಿ ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರು ಸೋಲಿಗರೊಂದಿಗೆ ಕೂಡಿ, ಹಿರಿಯರ ಜೊತೆ ನಡೆದು, ಇಂಥ ನೂರಾರು ತಾಣಗಳನ್ನು ಜಿ.ಪಿ.ಎಸ್. ಮೂಲಕ ಗುರುತಿಸಿ ನಕ್ಷೆಯಾಗಿಸಿದರು. ೨೦೧೧ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ ಅಲ್ಲಿನ ಪೋಡುಗಳಿಗೆ ಸಮುದಾಯ ಹಕ್ಕುಗಳೂ ದೊರೆತವು. ಹಕ್ಕನ್ನು ತಂದದ್ದು ನಕ್ಷೆಯೊಂದೇ ಎನ್ನುವುದು ಉತ್ಪ್ರೇಕ್ಷೆಯಾದೀತು. ದಶಕಗಳ ಸಂಘಟನೆ ಅದರ ಹಿಂದಿತ್ತು. ಆದರೂ ‘ಇದು ನಮ್ಮ ಕಾಡು’ ಎಂಬ ಮಾತಿಗೆ ಅಕ್ಷಾಂಶ ರೇಖಾಂಶಗಳ ಬೆಂಬಲ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಇಂಡೋನೇಷ್ಯಾದ ಕಾಲಿಮಂತನ್ ಕಾಡುಗಳ ಸಂದರ್ಭದಲ್ಲಿ ನ್ಯಾನ್ಸಿ ಪೆಲೂಸೊ ೧೯೯೫ರಲ್ಲಿ ‘ಪ್ರತಿ-ನಕ್ಷೆ’ ಎಂಬ ಅರ್ಥದ ಪರಿಕಲ್ಪನೆಯನ್ನು ಮುಂದಿಟ್ಟದ್ದು ಇಂಥ ಯತ್ನಗಳನ್ನು ಗಮನಿಸಿಯೇ.

‘ಎಲ್ಲೆ’ ಎಂಬ ಮಾತು ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ನಮ್ಮ ದಾನಶಾಸನಗಳು ಭೂಮಿಯ ಗಡಿಯನ್ನು ಹೇಳುವಾಗ ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಹುತ್ತ, ಬಡಗಲಿಗೆ ಆಲದ ಮರ ಎಂದು ನಡೆದು ತೋರಿಸಿದಂತೆ ಬರೆಯುತ್ತವೆ. ಅದೂ ಒಂದು ನಕ್ಷೆಯೇ. ಗೆರೆಯ ಬದಲು ವಾಕ್ಯದಲ್ಲಿ ಬಿಡಿಸಿದ್ದು. ಶಾಸನವನ್ನೋ ಸ್ಥಳನಾಮಗಳನ್ನೋ ಓದಿದವರಿಗೆ, ಕಾಡಿನ ಹಿರಿಯರ ಬಾಯಿಂದ ಜಾಗದ ಹೆಸರುಗಳನ್ನು ಕೇಳಿ ಬರೆದುಕೊಂಡವರಿಗೆ, ಈ ತಿಳಿವಳಿಕೆ ಅರ್ಜಿಯ ಬಂಡವಾಳವಾಗಬಲ್ಲದು. ಎರಡು ಆರಂಭಗಳನ್ನು ಕಲ್ಪಿಸಿಕೊಂಡು ಹೋಲಿಸಬಹುದು. ‘ಪರಿಸರದ ಬಗ್ಗೆ ಬಾಲ್ಯದಿಂದಲೂ ಅಪಾರ ಆಸಕ್ತಿಯುಳ್ಳ ನಾನು ಆಧುನಿಕ ತಂತ್ರಜ್ಞಾನವನ್ನು ಕಲಿಯಲು ಉತ್ಸುಕನಾಗಿದ್ದೇನೆ’ ಎಂಬುದು ಒಂದು. ‘ನಮ್ಮ ಪೋಡಿನ ಹಿರಿಯರು ಹೆಸರಿಸುವ ಅಬ್ಬಿಗಳಲ್ಲಿ ಬೇಸಿಗೆಯಲ್ಲಿಯೂ ನೀರಿರುವವು ಯಾವುವೆಂದು ಎರಡು ವರ್ಷದಿಂದ ದಾಖಲಿಸುತ್ತಿದ್ದೇವೆ, ಲಂಟಾನ ದಟ್ಟವಾದ ಕಡೆ ಅವು ಬತ್ತುತ್ತಿವೆಯೇ ಎಂಬುದನ್ನು ಪರೀಕ್ಷಿಸುವ ವಿಧಾನ ನಮಗೆ ಗೊತ್ತಿಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಯಾವ ದೇಶದ ಯಾರಾದರೂ ಬರೆಯಬಹುದಾದದ್ದು. ಎರಡನೆಯದರಲ್ಲಿ ಒಂದು ಜಾಗ, ಒಂದು ಪ್ರಶ್ನೆ, ಈಗಾಗಲೇ ಮಾಡಿದ ಕೆಲಸ, ತರಬೇತಿಯಿಂದ ತುಂಬಬೇಕಾದ ನಿರ್ದಿಷ್ಟ ಕೊರತೆ ನಾಲ್ಕೂ ಇವೆ. ಇಲ್ಲಿಯೂ ಕೊರತೆಯನ್ನು ಹೇಳಿದೆ. ಆದರೆ ಅದು ಬಡತನದ ಕೊರತೆಯಲ್ಲ, ವಿಧಾನದ ಕೊರತೆ.

ಇನ್ನು ‘ಭಾಗಶಃ’ ಎಂಬುದರ ಲೆಕ್ಕ. ಸಾಮಾನ್ಯವಾಗಿ ಇಂಥ ವೇತನ ಬೋಧನಾ ಶುಲ್ಕವನ್ನು ಪೂರ್ತಿಯೋ ಅರ್ಧವೋ ಮನ್ನಾ ಮಾಡುತ್ತದೆ, ಕೆಲವೆಡೆ ವಸತಿಯನ್ನೂ ಕೊಡುತ್ತದೆ. ವಿಮಾನದರ, ವೀಸಾ ಶುಲ್ಕ, ಆರೋಗ್ಯ ವಿಮೆ, ಒಳಪ್ರಯಾಣ, ಸಂಬಳವಿಲ್ಲದ ರಜೆಯ ದಿನಗಳ ನಷ್ಟ ಇವೆಲ್ಲ ಅಭ್ಯರ್ಥಿಯ ಪಾಲಿಗೆ. ವೀಸಾ ನಿರಾಕರಣೆಯಾದರೂ ಅದರ ಶುಲ್ಕ ಮರಳಿ ಬರುವುದಿಲ್ಲ. ಒಟ್ಟು ವೆಚ್ಚ ನಾಲ್ಕು ಲಕ್ಷ ರೂಪಾಯಿ ಎಂದು ಊಹಿಸಿ, ಅದರಲ್ಲಿ ಎರಡು ಲಕ್ಷ ಮನ್ನಾ ಆಯಿತೆಂದುಕೊಂಡರೆ, ಉಳಿದ ಎರಡು ಲಕ್ಷ ಸಣ್ಣ ಸಂಘವೊಂದರ ಕ್ಷೇತ್ರ ಸಹಾಯಕನಿಗೆ ಒಂದು ವರ್ಷದ ಸಂಬಳಕ್ಕೆ ಹತ್ತಿರವಾಗಬಹುದು. ಹೀಗಾಗಿ ಅರ್ಧ ವೇತನ ಅರ್ಧ ಹಣ ಇದ್ದವರಿಗೇ ದಕ್ಕುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೊಡುವವರ ಸಮರ್ಥನೆ ಏನೆಂದರೆ, ಉಳಿದ ಪಾಲನ್ನು ಅಭ್ಯರ್ಥಿಯ ಸಂಸ್ಥೆ ಭರಿಸಿದರೆ ಅವನು ಮರಳಿದ ಮೇಲೆ ಆ ಕೆಲಸ ಮುಂದುವರಿಯುವ ಭರವಸೆ ಹೆಚ್ಚು. ಈ ಸಮರ್ಥನೆ ಅರ್ಧ ಮಾತ್ರ ಒಪ್ಪತಕ್ಕದ್ದು; ಶ್ರೀಮಂತ ಸಂಸ್ಥೆಗಳಿಗೆ ಅದು ಸುಲಭ, ಪೋಡಿನ ಸಂಘಕ್ಕೆ ಕಷ್ಟ. ಆದರೆ ಸಂಸ್ಥೆಯ ಪಾಲೆಂದರೆ ನಗದೇ ಆಗಬೇಕೆಂಬ ನಿಯಮ ಎಲ್ಲೆಡೆ ಇರುವುದಿಲ್ಲ. ಸಂಬಳಸಹಿತ ರಜೆ, ಮರಳಿದ ಮೇಲೆ ಕಂಪ್ಯೂಟರ್ ಮತ್ತು ಕೋಣೆ, ಕ್ಷೇತ್ರಕಾರ್ಯಕ್ಕೆ ವಾಹನ ಇವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ ಸಂಸ್ಥೆಯ ಪತ್ರದೊಂದಿಗೆ ಸಲ್ಲಿಸಬಹುದೇ ಎಂದು ಮೊದಲೇ ಬರೆದು ಕೇಳುವುದು ಲೇಸು. ಆಯವ್ಯಯದ ಪುಟವನ್ನು ಬಹಳ ಮಂದಿ ಕೊನೆಯ ರಾತ್ರಿ ತುಂಬುತ್ತಾರೆ. ಕಥನದಷ್ಟೇ ಎಚ್ಚರದಿಂದ ಓದುವ ಪುಟ ಅದು.

ಅರ್ಜಿಗೆ ಮುನ್ನ ಮನೆಯಲ್ಲಿಯೇ ಕಲಿಯಬಹುದಾದುದನ್ನು ಕಲಿತಿರಬೇಕು. ಡೆಹರಾಡೂನಿನ ಸಂಸ್ಥೆ ೨೦೦೭ರಿಂದ ದೂರಶಿಕ್ಷಣದ ಮೂಲಕ ಈ ವಿಷಯವನ್ನು ಕಲಿಸುತ್ತ ಬಂದಿದೆ. ಉಚಿತ ತಂತ್ರಾಂಶದಲ್ಲಿ ತನ್ನ ಊರಿನ ಕೆರೆಯ ಒಂದು ಸಣ್ಣ ನಕ್ಷೆಯನ್ನಾದರೂ ಬಿಡಿಸಿ ಅರ್ಜಿಯೊಂದಿಗೆ ಇರಿಸಿದವನ ಮಾತಿಗೆ ತೂಕ ಬರುತ್ತದೆ. ಶಿಫಾರಸು ಪತ್ರದ ವಿಚಾರದಲ್ಲಿಯೂ ಅಷ್ಟೆ. ‘ಸನ್ನಡತೆಯುಳ್ಳವರು, ಶ್ರಮಜೀವಿ’ ಎಂಬ ಕುಲಪತಿಯ ಒಂದು ಸಾಲಿಗಿಂತ ಜೊತೆಯಲ್ಲಿ ಕೆಲಸ ಮಾಡಿದ ವಲಯ ಅರಣ್ಯಾಧಿಕಾರಿಯದೋ ಸಂಘದ ಕಾರ್ಯದರ್ಶಿಯದೋ ಒಂದು ಪುಟ ಹೆಚ್ಚು ಉಪಯೋಗಿ. ಕಥನವನ್ನು ಮೊದಲು ಕನ್ನಡದಲ್ಲಿಯೇ ಬರೆದು ಆಮೇಲೆ ಇಂಗ್ಲಿಷಿಗೆ ತರುವುದು ಮೇಲು. ನೇರ ಇಂಗ್ಲಿಷಿನಲ್ಲಿ ಕುಳಿತವರು ತಮಗೆ ಗೊತ್ತಿರುವ ಇಂಗ್ಲಿಷಿನಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ತರಬೇತಿಗೆ ಹೋಗುವವರು ತಮ್ಮ ಕ್ಷೇತ್ರದ ದತ್ತಾಂಶವನ್ನು ಅಭ್ಯಾಸಕ್ಕೆಂದು ಒಯ್ಯುತ್ತಾರೆ. ಗಂಧದ ಮರ ಎಲ್ಲಿದೆ, ಹುಲಿ ಎಲ್ಲಿ ಮರಿ ಹಾಕಿದೆ, ಕಲ್ಲುಗುಡಿ ಎಲ್ಲಿದೆ ಎಂಬುದು ನಕ್ಷೆಗೆ ಒಮ್ಮೆ ಏರಿ ಹಂಚಿಕೆಯಾದರೆ ಮರಳಿ ಗುಟ್ಟಾಗದು. ಸಮುದಾಯದ ಒಪ್ಪಿಗೆ ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂಬುದನ್ನು ಅರ್ಜಿಯಲ್ಲಿಯೇ ನಮೂದಿಸಿದರೆ ಅಭ್ಯರ್ಥಿಯ ಪ್ರಬುದ್ಧತೆಯೂ ತಿಳಿಯುತ್ತದೆ, ಊರಿನವರ ಹಿತವೂ ಉಳಿಯುತ್ತದೆ.

ಹೆಸರುಗಳ ಲಿಪಿಯೂ ಇದೇ ಯೋಜನೆಯೊಳಗೆ ಬರಬೇಕಾದ ವಿಷಯ. ನುಡಿಯಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಸ್ಥಳನಾಮಗಳು ಜಿ.ಐ.ಎಸ್. ಕೋಷ್ಟಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಒಡೆಯುತ್ತವೆ. ಆ ಕಾರಣಕ್ಕೆ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ತುಂಬಿದರೆ ‘ಹಳ್ಳ’ಕ್ಕೂ ‘ಹಲ್ಲ’ಕ್ಕೂ, ‘ಕೊಳ’ಕ್ಕೂ ‘ಕೋಲ’ಕ್ಕೂ ಅಂತರ ಉಳಿಯುವುದಿಲ್ಲ. ಯೂನಿಕೋಡ್ ಕನ್ನಡದಲ್ಲಿ ಹೆಸರುಗಳನ್ನು ತುಂಬಿ, ಹಿರಿಯರ ಮುಂದೆ ಒಮ್ಮೆ ಓದಿ ತಿದ್ದಿಸಲು ಎರಡು ತಿಂಗಳಾದರೂ ಬೇಕು. ಆ ಎರಡು ತಿಂಗಳ ಕೂಲಿಯನ್ನು ಆಯವ್ಯಯದಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು.