ನಕ್ಷತ್ರ ಚಿಹ್ನೆಯೂ ವಿಭಕ್ತಿ ಪ್ರತ್ಯಯವೂ

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಚಿತ್ತಾಪುರದ ಬಳಿಯ ನಾಗಾವಿಯು ಪ್ರಾಚೀನ ವಿದ್ಯಾಕೇಂದ್ರ. ಶಹಾಬಾದಿನ ಹಾಸುಗಲ್ಲು ಎಷ್ಟೋ ಮನೆಗಳ ನೆಲವಾಗಿದೆ. ವಾಡಿಯು ರೈಲುದಾರಿಗಳು ಕೂಡುವ ಸಿಮೆಂಟಿನ ಊರು; ಚಿಂಚೋಳಿಗೆ ಕಾಡಿನ ಸಿರಿಯುಂಟು. ಈ ಐದು ಊರುಗಳ ಪರಿಚಯವನ್ನು ಕನ್ನಡದ ಜಾಲತಾಣವೊಂದರಲ್ಲಿ ಇರಿಸಬೇಕೆನ್ನುವ ತರುಣರಿಗೆ ಬರೆಯುವ ಶ್ರಮಕ್ಕಿಂತಲೂ ಬರೆದುದನ್ನು ಅಂದಗೊಳಿಸುವ ಶ್ರಮವೇ ಹೆಚ್ಚಾಗಿ ತೋರುವುದುಂಟು. ಅದಕ್ಕೆ ಸುಲಭವಾದ ಉಪಾಯವೊಂದಿದೆ.

2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಎಂಬುವರು ‘ಮಾರ್ಕ್‌ಡೌನ್’ ಎಂಬ ಸರಳ ಗುರುತುಬರಹವನ್ನು ಹೊರತಂದರು. ಸಾಲಿನ ಮೊದಲಿಗೆ # ಇಟ್ಟು ಒಂದು ತೆರಪು ಬಿಟ್ಟರೆ ಅದು ಶೀರ್ಷಿಕೆ; ಪದದ ಎರಡು ಬದಿಗೂ ** ಇಟ್ಟರೆ ಅದು ದಪ್ಪಕ್ಷರ; ನಡುವೆ ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ. ಈ ಗುರುತುಗಳನ್ನು ಎಚ್‌ಟಿಎಂಎಲ್ ಆಗಿ ಮಾರ್ಪಡಿಸುವ ಅವರ ಪ್ರೋಗ್ರಾಮು ‘ಮೂವಬಲ್ ಟೈಪ್’ ಎಂಬ ಪ್ರಕಾಶನ ತಂತ್ರಾಂಶಕ್ಕೆ ಪ್ಲಗಿನ್ ಆಗಿಯೂ ಒದಗುತ್ತಿತ್ತು.

ಟೆಂಪ್ಲೇಟು ಎಂದರೆ ಪುಟದ ಅಚ್ಚು. ಬರಹ ಬಂದು ಕೂಡುವ ಎಡೆಯಲ್ಲಿ ಪ್ಲಗಿನ್ನಿನ ಹೆಸರನ್ನು ಸೂಚಿಸಿದರೆ ಸಾಕು. ಐದು ಊರುಗಳ ಪುಟಗಳೂ ಒಂದೇ ಅಚ್ಚಿನಿಂದ ಹೊರಬರುತ್ತವೆ.

ಕನ್ನಡಿಗರು ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಪದವನ್ನು ಓರೆಯಾಗಿಸಲು ನಕ್ಷತ್ರ ಚಿಹ್ನೆಯನ್ನಾಗಲಿ ಅಂಡರ್‌ಸ್ಕೋರನ್ನಾಗಲಿ ಬಳಸಬಹುದು. ಆದರೆ ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಯೇ ಬರುತ್ತವೆಯಷ್ಟೆ. *ಮಳಖೇಡ*ದಲ್ಲಿ ಎಂದು ಬರೆದರೆ ಹೆಸರು ಮಾತ್ರ ಓರೆಯಾಗುತ್ತದೆ. _ಮಳಖೇಡ_ದಲ್ಲಿ ಎಂದು ಬರೆದರೆ, ಇಂದು ಬಹುವಾಗಿ ಅನುಸರಿಸಲಾಗುವ ‘ಕಾಮನ್‌ಮಾರ್ಕ್’ ನಿಯಮದಂತೆ ಆ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ. ಪದದ ನಡುವಿನ ಅಂಡರ್‌ಸ್ಕೋರಿಗೆ ಆ ನಿಯಮದಲ್ಲಿ ಮನ್ನಣೆಯಿಲ್ಲ. ಆದುದರಿಂದ ಕನ್ನಡಕ್ಕೆ ನಕ್ಷತ್ರವೇ ಲೇಸು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮಹತ್ತರವಾದುದು. ಅನೇಕ ಟೆಂಪ್ಲೇಟು ವ್ಯವಸ್ಥೆಗಳು ಹೊರಗಿನಿಂದ ಬಂದ ಎಚ್‌ಟಿಎಂಎಲನ್ನು ನಂಬದೆ, ಬರಿಯ ಅಕ್ಷರಗಳಂತೆಯೇ ತೋರಿಸುತ್ತವೆ. ಪ್ಲಗಿನ್ ಬಳಸಬೇಕಾದರೆ ಈ ಕಾವಲನ್ನು ಸಡಿಲಿಸಬೇಕಾಗುತ್ತದೆ. ಮಾರ್ಕ್‌ಡೌನಾದರೋ ತನ್ನ ನಡುವೆ ಬಂದ ಎಚ್‌ಟಿಎಂಎಲನ್ನು ಹಾಗೆಯೇ ಬಿಡುತ್ತದೆ. ತಾಣಕ್ಕೆ ಯಾರು ಬೇಕಾದರೂ ಬರೆಯಬಹುದಾದಲ್ಲಿ, ದುರುಳನೊಬ್ಬನು ಊರಿನ ಚರಿತ್ರೆಯ ನಡುವೆ ಕೇಡಿನ ಸ್ಕ್ರಿಪ್ಟನ್ನು ಹುದುಗಿಸಿದರೆ ಅದು ಓದುಗರ ಬ್ರೌಸರಿನಲ್ಲಿ ಓಡೀತು! ಆದ್ದರಿಂದ ಮೊದಲು ಮಾರ್ಪಾಡು, ಅನಂತರ ಶೋಧನೆ, ಕೊನೆಗೆ ಪ್ರಕಟಣೆ. ಈ ಕ್ರಮವನ್ನು ಮೀರಲಾಗದು.

ಇಷ್ಟನ್ನು ಪಾಲಿಸಿದರೆ ಲಾಭವು ಬಹುಕಾಲದ್ದು. ತಾಣದ ರೂಪವು ನಾಳೆ ಬದಲಾದರೆ ಅಚ್ಚನ್ನಷ್ಟೇ ತಿದ್ದಿದರಾಯಿತು. ಪ್ಲಗಿನ್ನೇ ಕಾಣೆಯಾದರೂ ನಾಗಾವಿಯ, ಕಾಗಿಣಾ ತೀರದ ಕಥೆಗಳನ್ನು ನಾಲ್ಕಾರು ನಕ್ಷತ್ರಗಳ ನಡುವೆ ಯಾರಾದರೂ ಸುಖವಾಗಿ ಓದಿಕೊಳ್ಳಬಹುದು.