ತಪಸ್ಸುಕಾಲದಲ್ಲಿ ಶಿಲುಬೆಗೆ ನೇರಳೆ ಮುಸುಕೇಕೆ?

ಪ್ರಶ್ನೆ: ಈಸ್ಟರ್‌ಗೆ ಮುಂಚೆ ಚರ್ಚಿನಲ್ಲಿ ಶಿಲುಬೆಗೂ ಪ್ರತಿಮೆಗಳಿಗೂ ನೇರಳೆ ಬಟ್ಟೆ ಮುಚ್ಚುತ್ತಾರಲ್ಲ, ಏಕೆ? — ಜತ್ತ ತಾಲ್ಲೂಕಿನ ಓದುಗರು

ಉತ್ತರ: ಕಣ್ಣಿಗೂ ಒಂದು ಉಪವಾಸವಿರಲಿ ಎಂದು! ನೇರಳೆ ಪಶ್ಚಾತ್ತಾಪದ ಬಣ್ಣ. ಕ್ಯಾಥೊಲಿಕ್ ಪದ್ಧತಿಯಲ್ಲಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾದ್ರಿಯ ಉಡುಪಿಗೂ ಅದೇ ಬಣ್ಣ. ನಾಲ್ಕನೇ ಭಾನುವಾರ ಮಾತ್ರ ಗುಲಾಬಿ ಉಡಬಹುದು, ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರ ಕೆಂಪು. ಮುಸುಕು ಹಾಕುವುದು ಐದನೇ ಭಾನುವಾರದಿಂದ. ಶಿಲುಬೆಯದು ಶುಭ ಶುಕ್ರವಾರ ತೆರೆದರೆ, ಪ್ರತಿಮೆಗಳದು ಈಸ್ಟರ್ ಜಾಗರಣೆಯ ಹೊತ್ತಿಗೆ.

ಮಧ್ಯಯುಗದ ಯುರೋಪಿನಲ್ಲಿ ಇಡೀ ಬಲಿಪೀಠವನ್ನೇ ಮರೆಮಾಡುವ ಪರದೆ ಇಳಿಬಿಡುತ್ತಿದ್ದರು. ಜರ್ಮನಿಯಲ್ಲಿ ಅದಕ್ಕೆ 'ಹಸಿವಿನ ಬಟ್ಟೆ' ಎಂದು ಹೆಸರು. ಝಿಟ್ಟೌ ಊರಿನ 1472ರ ನಾರುಬಟ್ಟೆ ಇಂದಿಗೂ ಉಳಿದಿದೆ. ಅದರ ಮೇಲೆ ಬೈಬಲಿನ 90 ಚಿತ್ರಗಳು. ಬಲಿಪೀಠವನ್ನು ಮರೆಮಾಡಿದ ಪರದೆಯೇ ಓದು ಬಾರದವರಿಗೆ ಬೈಬಲ್ ಆಯಿತು ನೋಡಿ.

ಈ ಕಥೆಗೆ ಕರ್ನಾಟಕದ ನಂಟೂ ಉಂಟು. ಮರೆಯಾಗುತ್ತಿದ್ದ ಆ ಸಂಪ್ರದಾಯವನ್ನು ಜರ್ಮನಿಯ ಮಿಸೆರಿಯೋರ್ ಎಂಬ ಕ್ಯಾಥೊಲಿಕ್ ನೆರವು ಸಂಸ್ಥೆ 1976ರಲ್ಲಿ ಮತ್ತೆ ಜೀವಂತಗೊಳಿಸಿದಾಗ, ಮೊದಲ ಬಟ್ಟೆಗೆ ಚಿತ್ರ ಬರೆದವರು ಪುಣೆಯಲ್ಲಿ ಹುಟ್ಟಿ ಬೆಂಗಳೂರು ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ. ಜರ್ಮನಿಯ ಉಪವಾಸಕ್ಕೆ ನಮ್ಮ ಕಡೆಯ ಕುಂಚ!

ಇನ್ನು ಮುಸುಕಿನ ಬಟ್ಟೆ ರೇಷ್ಮೆಯದೇ ಆಗಬೇಕೆಂದಿಲ್ಲ. ಪಾದ್ರಿಯ ಪೂಜಾ ಉಡುಪಿಗೇ ಆಯಾ ಪ್ರದೇಶದ ಸಹಜ ನೂಲಿನ ಬಟ್ಟೆ ಬಳಸಬಹುದೆಂದು ರೋಮಿನ ನಿಯಮವೇ ಹೇಳುತ್ತದೆ. ಜತ್ತದವರಾದ ನಿಮಗೆ ಸೊಲ್ಲಾಪುರದ ಹತ್ತಿಬಟ್ಟೆ ಹತ್ತಿರದಲ್ಲೇ ಇದೆ.